ಒಂಬತ್ತನೆಯ ಕುದಿ

…ಅಯ್ಯೋ, ಆ ಕಲ್ಲಿನ ಮೇಲೆ ಬೇಡ ದಾಸಮ್ಮ! ಅಲ್ಲಿ ತೇಜಾಬು ಚೆಲ್ಲಿದೆ, ಸೀರೆ ತೂತು ಬೀಳುತ್ತೆ. ಇತ್ತ ಬಾ, ಚಾಪೆ ಮೇಲೆ ಕೂತ್ಕೊ. ಹಾಂ, ಹಂಗೆ. ಇನ್ನೂ ಸ್ವಲ್ಪ ಒಳಗೆ ಬಾ, ಬಾಗಿಲಿಗೆ ನೇರ ಬೇಡ. ಯಾಕೂ ಇಲ್ಲಮ್ಮ… ಎದುರು ಮನೆ ದರ್ಜಿ ಇದಾನಲ್ಲ, ನೀನು ಬಂದಾಗಿನಿಂದ ಅವನ ಮಿಷನ್ನಿನ ಸದ್ದು ನಿಂತುಹೋಗಿದೆ. ಬಟ್ಟೆ ಹೊಲಿಯೋನಿಗೆ ನಮ್ಮ ಜಗಲಿ ಮೇಲೆ ಏನು ಕೆಲಸ? ಹದಿನೇಳು ದಿವಸದಿಂದ ಹಿಂಗೇ. ನಾನು ಕೆಮ್ಮಿದರೂ ಕತ್ತೆತ್ತಿ ನೋಡ್ತಾನೆ.

ನೀರು ತಗೊ. ಬಿಸಿಲಲ್ಲಿ ಬಂದಿದೀಯ, ತುಟಿ ಒಡೆದುಹೋಗಿದೆ. …ಬೇಡವಾ? ಒಂದು ಗುಟುಕು? ತಲೆ ಅಲ್ಲಾಡಿಸಬೇಡಮ್ಮ, ಹೊಸ ಮಡಕೆ ನೀರು, ತಣ್ಣಗಿದೆ. ಹೋದ ವರ್ಷ ನಿನ್ನ ಗಂಡ ಕದಿರಯ್ಯನ ಜೊತೆ ಬಂದಾಗ ಇದೇ ಲೋಟದಲ್ಲಿ ಚಹಾ ಕುಡಿದವಳು ನೀನು. ನನ್ನ ಮನೆಯವಳು ಅಫ್ಜಲುನ್ನೀಸಾ ಏಲಕ್ಕಿ ಹಾಕಿದ್ದಳು ಅಂತ ಇನ್ನೊಂದು ಲೋಟ ಕೇಳಿ ಕುಡಿದೆ. 'ಷರೀಫ್ ಸಾಬರ ಮನೆ ಚಹಾಕ್ಕೋಸ್ಕರ ಒಂದು ಕೋವಿ ಸಾಕಬೇಕು' ಅಂತ ನಗಿಸಿದೆ. ಈಗ ಈ ಮನೆ ನೀರೂ ಬೇಡ!

ಸರಿ. ಬೇಡ ಅಂದರೆ ಬೇಡ. ಯಾಕೆ ಅಂತ ನಾನು ಕೇಳಲ್ಲ.

ಕದಿರಯ್ಯ ಹೆಂಗಿದಾನೆ? ನೋಡೋಕೆ ಬಿಟ್ಟರಾ? …ತಲೆ ಆಡಿಸ್ತೀಯ, ಬಿಟ್ಟರು. ಮಧುಗಿರಿ ಲಾಕಪ್ಪಿನಲ್ಲಿ ಸೊಳ್ಳೆ ಜಾಸ್ತಿ ಅಂತಾರೆ. ಪ್ರತಿ ನಮಾಜಿನಲ್ಲೂ ಅವನಿಗೋಸ್ಕರ ದುವಾ ಮಾಡ್ತಿದೀನಿ ತಾಯಿ, ಸುಳ್ಳಲ್ಲ. ತೀರಿಹೋದ ನಿಮ್ಮ ಧಣಿ ನಂದೀಶ್ವರಯ್ಯನೋರಿಗೂ ಮಾಡ್ತಿದೀನಿ. ಅವರ ದೇವರು ಬೇರೆ ಇರಬಹುದು, ನಾನು ಕೇಳಿಕೊಳ್ಳೋದು ನನಗೆ ಗೊತ್ತಿರೋನ ಹತ್ರ. ಐ.ಡಿ.ಹಳ್ಳಿ ಸುತ್ತ ಅಷ್ಟು ದೊಡ್ಡ ಕಡ್ಲೆಕಾಯಿ ಬೇಸಾಯ ಮಾಡಿದ ಮನುಷ್ಯ. ಹೊಲಕ್ಕೆ ಹಂದಿ ನುಗ್ಗಿದಾವೆ ಅಂತ ರೈಫಲ್ಲು ಎತ್ತಿದರಂತೆ, ಗುರಿ ಹಿಡಿದು ಹೊಡೆದರಂತೆ… ಹಂದಿ ಹಂಗೇ ಓಡಿಹೋಯಿತು. ನಳಿಗೆ ಬುಡದಲ್ಲೇ ಸಿಡಿದು ಅವರ ಮುಖಕ್ಕೇ… ಯಾ ಅಲ್ಲಾ.

ಕಣ್ಣು ಒರೆಸ್ಕೊ. ಅಳಬೇಡ.

ಇದೇನು, ಸೆರಗಿನ ತುದೀಲಿ ಗಂಟು ಹಾಕಿದೀಯ? ಇಲ್ಲ ಇಲ್ಲ, ಸುಮ್ಮನೆ ಕೇಳಿದೆ. ಬಂದಾಗಿನಿಂದ ಅದನ್ನ ಮುಷ್ಟಿಯಲ್ಲಿ ಹಿಡಕೊಂಡೇ ಇದೀಯಲ್ಲ, ಅದಕ್ಕೆ. ಗಟ್ಟಿ ಪದಾರ್ಥವಾ? …ಮರದ ಚೂರು ಏನಾದ್ರೂ?

ಏನಿಲ್ಲ, ಬಿಡು. ಮರ ಅಂತ ಯಾಕಂದೆ ಅಂತ ನನಗೇ ಗೊತ್ತಿಲ್ಲ. ಬೆಳಗಿಂದ ಪಿಚಕಾರಿ ಹಿಡಿಗೆ ಮರ ಕೆತ್ತುತ್ತಿದ್ದೆ, ಬಾಯಿಗೆ ಅದೇ ಬಂತು.

ನಿನ್ನನ್ನ ಯಾರು ಕಳಿಸಿದರು ದಾಸಮ್ಮ? ನಿಜ ಹೇಳು. ಇನ್ಸ್‌ಪೆಕ್ಟರಾ? 'ಹೋಗಿ ಆ ಮುದುಕನ ಮುಂದೆ ಸುಮ್ಮನೆ ಕೂತ್ಕೊ, ಅವನಾಗೇ ಮಾತಾಡ್ತಾನೆ' ಅಂತ ಹೇಳಿಕೊಟ್ಟರಾ? ಅಲ್ಲವಾ? ಹಂಗಾದರೆ ನಂದೀಶ್ವರಯ್ಯನೋರ ಹೆಂಡತಿ ಕಳಿಸಿರಬೇಕು. ಸರ್ವಮಂಗಳಮ್ಮ ದುಃಖದಲ್ಲಿದ್ದರೂ ಲೆಕ್ಕ ತಪ್ಪೋ ಹೆಂಗಸಲ್ಲ. ಅವರೇ ತಾನೇ ಪೊಲೀಸಿನೋರ ಮುಂದೆ ಹೇಳಿದ್ದು? ಗೇಣಿ ಹೊಲ ತನ್ನ ಹೆಸರಿಗೆ ಬರಕೊಡಿ ಅಂತ ಕದಿರಯ್ಯ ಜಗಳ ಆಡಿದ್ದ, ಆ ಸಿಟ್ಟಿಗೆ ತೋಟಾದಲ್ಲಿ ಬೇಕಂತ ಮದ್ದು ಹೆಚ್ಚು ತುಂಬಿದ ಅಂತ. ಅವರು ಹೇಳಿದ್ದು. ನಾನಲ್ಲ.

ನಾನು ಹೇಳಿದ್ದು ಇಷ್ಟೇ. ಪೊಲೀಸಿನೋರು ಒಡೆದ ನಳಿಗೆ ತಂದು ಇದೇ ಕಲ್ಲಿನ ಮೇಲಿಟ್ಟರು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಂಗೆ ಮೂರು ಸೀಳು. 'ಸಾಬರೇ, ನೀವು ಮೂವತ್ತು ವರ್ಷ ಕೋವಿ ರಿಪೇರಿ ಮಾಡಿದೋರು, ಇದು ಯಾಕೆ ಹಿಂಗಾಯ್ತು' ಅಂತ ಕೇಳಿದರು. 'ಮದ್ದು ಮೀರಿದರೆ ಹಿಂಗಾಗುತ್ತೆ' ಅಂದೆ. ಮೀರಿದ್ರೆ, ಅಂದೆ. ಮೀರಿದೆ ಅನ್ನಲಿಲ್ಲ! ಅವರು ಕನ್ನಡದಲ್ಲಿ ಬರಕೊಂಡರು, ನಾನು ಉರ್ದುವಿನಲ್ಲಿ ದಸ್ತಖತ್ತು ಹಾಕಿದೆ. ಅವರು ಬರೆದದ್ದು ನನಗೆ ಓದೋಕೆ ಬರಲ್ಲ. ಅದರಲ್ಲಿ ನನ್ನ ತಪ್ಪೇನು?

ಯಾಕೆ ಹಂಗೆ ನೋಡ್ತೀಯ?

…ಏನು? ಕೈ ಯಾಕೆ ಆ ಕಡೆ ತೋರಿಸ್ತೀಯ? ಆ ಗೋಡೆಯಲ್ಲಿ ಏನಿದೆ? ಗೂಡಾ? ಅದು ನಮಾಜಿನ ಸಾಮಾನು ಇಡೋ ಗೂಡಮ್ಮ. ತಸ್ಬಿ, ಲೋಬಾನ, ಒಂದು ಅತ್ತರಿನ ಡಬ್ಬಿ, ಅಷ್ಟೆ. ಡಬ್ಬಿ ಖಾಲಿ. ಖಾಲಿ ಅಂದರೆ… ಅತ್ತರು ಮುಗಿದಿದೆ. ಮತ್ತೆ ಅತ್ತಲೇ ತೋರಿಸ್ತೀಯ! ಯಾರು ಹೇಳಿದರು ನಿನಗೆ ಆ ಗೂಡಿನ ವಿಷಯ? ಅಫ್ಜಲುನ್ನೀಸಾ ಹೇಳಿದಳಾ? ಅವಳು ಯಾವಾಗ ಸಿಕ್ಕಿದಳು ನಿನಗೆ? ಅವಳಿಗೇ ಗೊತ್ತಿಲ್ಲ, ಅವಳು ಏನು ಹೇಳ್ತಾಳೆ?

ಇಳಿಸು ಕೈ. ಇಳಿಸಮ್ಮ. ಹಾಂ.

…ಏನೇ ಅಫ್ಜಲುನ್ನೀಸಾ? ಒಳಗಿಂದ ಕೂಗಿದರೆ ನನಗೆ ಹೆಂಗೆ ಕೇಳಿಸಬೇಕು? ದರ್ಗಾದ ಬೀಗದಕೈ ಅಲ್ಲೇ ಮೊಳೆಗಿದೆ. ಇವತ್ತು ಗುರುವಾರ ಅಂತ ನನಗೂ ಗೊತ್ತು. ಅಸರ್ ನಮಾಜಿಗೆ ಇನ್ನೂ ಹೊತ್ತಿದೆ, ಜನ ಸಕ್ಕರೆ ಓದಿಸೋಕೆ ಬರೋದು ಬಿಸಿಲು ಇಳಿದ ಮೇಲೆ ತಾನೇ, ಹೋಗಿ ತೆಗೀತೀನಿ. ಯಾರೂ ಇಲ್ಲ ಕಣೇ, ಐ.ಡಿ.ಹಳ್ಳಿ ಕಡೆಯ ಹುಡುಗಿ. ನೀನು ಹೊರಗೆ ಬರೋದು ಬೇಡ.

ನೋಡಿದೆಯಾ, ಅವಳಿಗೂ ಅನುಮಾನ. ಹದಿನೇಳು ದಿವಸದಿಂದ ನಾನು ಊಟ ಸರಿಯಾಗಿ ಮಾಡ್ತಿಲ್ಲ ಅಂತ. ಹೊಟ್ಟೆ ಸರಿಯಿಲ್ಲ ಅಂದಿದೀನಿ.

ದಾಸಮ್ಮ, ನಿನಗೆ ಬೇಕಾದರೆ ನಾನು ಆ ರೈಫಲ್ಲಿಗೆ ಏನು ಮಾಡಿದೆ ಅಂತ ಪೂರ್ತಿ ಹೇಳ್ತೀನಿ. ಮುಚ್ಚಿಡೋದು ಏನಿದೆ? ಆಮೇಲೆ ನೀನೇ ಯೋಚನೆ ಮಾಡು. ಕದಿರಯ್ಯ ಅದನ್ನ ಗೋಣಿಚೀಲದಲ್ಲಿ ಸುತ್ತಿ ತಂದಾಗ ನೋಡೋ ಹಂಗಿರಲಿಲ್ಲ. ಹಳೇ ಪಲ್ಟನ್ನಿನ ಕಾಲದ್ದು, ಒಂದು ಸಲಕ್ಕೆ ಒಂದೇ ಗುಂಡು. ಕಡ್ಲೆಕಾಯಿ ಉಗ್ರಾಣದಲ್ಲಿ ಬಿದ್ದು ಬಿದ್ದು ಮೈಯೆಲ್ಲ ತುಕ್ಕು, ಕಜ್ಜಿ ಹತ್ತಿದ ನಾಯಿ ಹಂಗೆ. ಲೈಸೆನ್ಸು ಹೊಸದು ಮಾಡಿಸೋಕೆ ಅಮಲ್ದಾರರ ಮುಂದೆ ಇಡಬೇಕಂತೆ. 'ಇದನ್ನ ಹಿಂಗೇ ಇಟ್ಟರೆ ಅಮಲ್ದಾರ್ರು ನಮ್ಮ ಧಣೀನೇ ಮ್ಯೂಸಿಯಮ್ಮಿಗೆ ಕಳಿಸ್ತಾರೆ ಸಾಬರೇ' ಅಂತ ನಿನ್ನ ಗಂಡ ನಕ್ಕ.

ನಾನು ಅವನಿಗೆ ಹೇಳಿದೆ, ತುಕ್ಕಿಗೆ ತುಕ್ಕೇ ಔಷಧಿ ಕದಿರಯ್ಯ, ಹದಿನೈದು ದಿವಸ ಬಿಟ್ಟು ಬಾ ಅಂತ. ಹೋಗಲಿಲ್ಲ ಅವನು! ಮೂರು ದಿವಸ ಇದೇ ಜಗಲಿಯಲ್ಲಿ ಮಲಗಿ ಕೆಲಸ ನೋಡಿದ. ಅವನಿಗೆ ಇಂಥದ್ದರಲ್ಲಿ ಆಸೆ. ಬಹಳ ಸಾಫ್ ಕೈ ಅವನದು… ತೋಟಾ ತುಂಬುವಾಗಲೂ ಮದ್ದನ್ನ ಕೋಲಳತೆ ಹಾಕಿ, ಬೆರಳಲ್ಲಿ ಮಟ್ಟ ಮಾಡಿ, ಮತ್ತೆ ಅಳೀತಾನೆ. ನಾನು ಕಣ್ಣಾರೆ ನೋಡಿದೀನಿ.

…ಅಂದರೆ, ಆವತ್ತು ಹಂಗೆ ಅಳೆದ. ಬೇರೆ ದಿವಸ ಏನು ಮಾಡಿದ ಅಂತ ನನಗೆ ಹೆಂಗೆ ಗೊತ್ತಿರುತ್ತೆ?

ಹಿಂಗೆ ನೋಡು. ಮೊದಲು ಹಳೇ ತುಕ್ಕೆಲ್ಲ ಉಜ್ಜಿ ತೆಗೀಬೇಕು, ಬೆಳ್ಳಿ ಹಂಗೆ ಆಗಬೇಕು. ಆಮೇಲೆ ಎಣ್ಣೆ ಅಂಶ ಒಂದು ಚೂರೂ ಇರಬಾರದು. ಸೀಗೇಪುಡಿ, ಸುಣ್ಣ, ಬಿಸಿನೀರು. ಅಲ್ಲಿಂದಾಚೆಗೆ ಬರಿಗೈಯಲ್ಲಿ ಮುಟ್ಟೋ ಹಂಗಿಲ್ಲ. ಮನುಷ್ಯನ ಬೆರಳಲ್ಲಿ ಎಷ್ಟು ಜಿಡ್ಡಿರುತ್ತೆ ಅಂತ ಕಬ್ಬಿಣ ಹೇಳುತ್ತೆ. ಒಂದು ಸಲ ಮುಟ್ಟಿದರೆ ಮುಗೀತು, ಅಷ್ಟು ಜಾಗದಲ್ಲಿ ಬಣ್ಣ ಕೂರಲ್ಲ, ಬೆರಳಿನ ಗುರುತು ಬೆಳ್ಳಗೆ ಉಳಿಯುತ್ತೆ. ಅದಕ್ಕೇ ನಾನು ನಮಾಜಿಗೆ ಮಾಡೋ ಹಂಗೆ ಕೈಕಾಲು ತೊಳೆದು ವಜೂ ಮಾಡಿ, ಕೈಗೆ ಬಟ್ಟೆ ಸುತ್ತಿಕೊಂಡೇ ಕೂರೋದು. ತೇಜಾಬಿನಲ್ಲಿ ಕಬ್ಬಿಣದ ಪುಡಿ ಕರಗಿಸಿದ ನೀರು, ಅದನ್ನ ಮಲ್ಲು ಬಟ್ಟೇಲಿ ಒಂದೇ ಎಳೆತಕ್ಕೆ ಹಚ್ಚೋದು. ಹಚ್ಚಿ, ಹಸಿ ಗೋಣಿ ಕಟ್ಟಿದ ಕತ್ತಲೆ ಮೂಲೇಲಿ ತೂಗುಹಾಕೋದು. ಬೆಳಗಿನ ಜಾವ ಫಜರ್ ನಮಾಜಿಗೆ ಹಚ್ಚಿದರೆ ಸಂಜೆಮುಂದೆ ಅಸರ್ ಹೊತ್ತಿಗೆ ಮೈತುಂಬ ಕೆಂಪು. ಕುಂಕುಮದ ಹಂಗೆ ಸಣ್ಣ ತುಕ್ಕು. ನೋಡಿದವರಿಗೆ, ಮುದುಕ ಕೋವಿ ಹಾಳುಮಾಡಿದ ಅನ್ನಿಸಬೇಕು.

ಆಮೇಲೆ ಕುದಿಸೋದು. ನಮ್ಮ ಶಿರಾ ಬಾವಿ ನೀರು ಆಗಲ್ಲ, ಸೌಳು, ಬಿಳಿ ಕಲೆ ಬೀಳುತ್ತೆ. ಮಳೆನೀರೇ ಬೇಕು. ಹಿತ್ತಲಲ್ಲಿ ನಾಲ್ಕು ಜಾಡಿ ಹಿಡಿದಿಟ್ಟಿರ್ತೀನಿ. ಉದ್ದ ತಗಡಿನ ದೋಣಿಯಲ್ಲಿ ಆ ನೀರು ಕುದಿಯುವಾಗ ಕೆಂಪು ನಳಿಗೆ ಒಳಗೆ ಇಳಿಸಿದರೆ… ನಿನ್ನ ಗಂಡ ಆ ನೋಟಕ್ಕೇ ಕಾಯ್ತಿದ್ದ. ಕಣ್ಣೆದುರೇ ಕೆಂಪು ಕಪ್ಪಾಗುತ್ತೆ ದಾಸಮ್ಮ! ಯಾವ ಬಣ್ಣವೂ ಹಾಕಿಲ್ಲ, ಯಾವ ಮಂತ್ರವೂ ಇಲ್ಲ. ತಿನ್ನೋ ತುಕ್ಕೇ ಕಾಯೋ ಚರ್ಮ ಆಗುತ್ತೆ. ನಾನು ಪ್ರತಿ ಸಲ ಸುಭಾನಲ್ಲಾ ಅಂತೀನಿ. 'ನಮ್ಮ ಪಾಪಾನೂ ಹಿಂಗೇ ಕುದಿಸೋಕೆ ಆಗುತ್ತಾ ಸಾಬರೇ' ಅಂತ ಕೇಳಿದ ಅವನು. ಆಗುತ್ತೆ, ಅಲ್ಲಾಹನ ಹತ್ರ ನೀರು ಇದೆ, ಆದರೆ ನಾವು ಮೊದಲು ಕೆಂಪಾಗಿ ತೋರಿಸ್ಕೋಬೇಕು, ಮುಚ್ಚಿಟ್ಟರೆ ಆಗಲ್ಲ ಅಂದೆ. ಅಂದವನು ನಾನೇ. ಈ ಬಾಯಲ್ಲೇ.

…

ಯಾಕೆ ನಗ್ತೀಯ? ನಕ್ಕೆಯೋ ಅತ್ತೆಯೋ ಗೊತ್ತಾಗಲಿಲ್ಲ.

ಹಂಗೆ ಒಂಬತ್ತು ಸಲ. ಹಚ್ಚು, ತುಕ್ಕು ಹಿಡಿಸು, ಕುದಿಸು, ಮೇಲಿನ ಮಸಿ ಉಜ್ಜು, ಮತ್ತೆ ಹಚ್ಚು. ಕುದಿಯೋ ನೀರು ನಳಿಗೆ ಒಳಗೆ ಹೋಗಬಾರದು ಅಂತ ಎರಡು ಬಾಯಿಗೂ ಬಿರಡೆ ಹೊಡೀತೀನಿ. ಬೇವಿನ ಕೊಂಬೆ ಕೆತ್ತಿದ ಬಿರಡೆ, ಕ್ಯಾರೆಟ್ಟಿನ ಹಂಗೆ ತುದಿ ಸಣ್ಣ. ಹಿಡಿಯೋಕೂ ಅದೇ, ಮೈ ಮುಟ್ಟೋ ಹಂಗಿಲ್ಲವಲ್ಲ. ಬಿಸಿನೀರಿಗೆ ಬೇವು ಉಬ್ಬುತ್ತೆ, ಬಿಗಿಯಾಗಿ ಕೂರುತ್ತೆ, ಕೊನೇಲಿ ಇಕ್ಕಳ ಹಾಕಿ ಎಳೆದರೆ…

ಬಂದುಬಿಡುತ್ತೆ.

ಅಷ್ಟೆ. ಬಂದುಬಿಡುತ್ತೆ. ಅದರಲ್ಲೇನಿದೆ. ಬಿರಡೆ ವಿಷಯ ನಾನು ಯಾಕೆ ತೆಗೆದೆ? ನೀನೇನೂ ಕೇಳಲಿಲ್ಲವಲ್ಲ. ಪೊಲೀಸಿನೋರೂ ಕೇಳಲಿಲ್ಲ. ನಳಿಗೆ ಒಳಗೆ ಏನಾದರೂ ಇದ್ದರೂ ಸಿಡಿಯುತ್ತಾ ಅಂತ ಒಬ್ಬರಾದರೂ ಕೇಳಬೇಕಿತ್ತು. ಕೇಳಿದ್ದರೆ ಹೇಳ್ತಿದ್ದೆ… ಹೇಳ್ತಿದ್ದೆನಾ?

ಮತ್ತೆ ಗಂಟು ಮುಟ್ಕೊಂಡೆ. ಮುಟ್ಕೊಂಡೆ! ದಾಸಮ್ಮ, ಅದನ್ನ ನೀನು ಹೊಲದಲ್ಲಿ ಹೆಕ್ಕಿಕೊಂಡೆಯಾ? ರಕ್ತದ ಪಕ್ಕದಲ್ಲಿ ಬಿದ್ದಿತ್ತಾ? ಸುಟ್ಟಿರಬೇಕಿತ್ತಲ್ಲ, ಅಷ್ಟು ಬೆಂಕಿಗೆ ಚೂರು ಚೂರಾಗಿರಬೇಕಿತ್ತಲ್ಲ… ಒಂದು ಬೆರಳ ಗಿಣ್ಣಿನಷ್ಟು ಉಳಿದಿದ್ದರೂ, ಬೇವು ಅಂತ ಯಾರು ಬೇಕಾದರೂ ಹೇಳ್ತಾರೆ. ಮೂಸಿದರೇ ಗೊತ್ತಾಗುತ್ತೆ.

ಮಾತಾಡು ತಾಯಿ! ಬೈದುಬಿಡು. ನಿಮ್ಮೂರ ಕಡೆ ಹೆಂಗಸರು ಬೈದರೆ ಪಾವಗಡಕ್ಕೆ ಕೇಳಿಸುತ್ತೆ ಅಂತ ಕದಿರಯ್ಯ ಹೇಳ್ತಿದ್ದ. ಬೈಯಿ. ಎದುರು ದರ್ಜಿಗೂ ಕೇಳಿಸ್ಲಿ. ಹಿಂಗೆ ಬಾಯಿ ಕಟ್ಟಿ ಕೂತರೆ ನಾನು ಏನು ಅಂತ ತಿಳ್ಕೊಳ್ಳೋದು? ಸತ್ತು ಗೋರಿಗೆ ಹೋದ ಮೇಲೆ ಪ್ರಶ್ನೆ ಕೇಳೋಕೆ ಬರೋ ಮಲಾಯಿಕರು, ಆ ದೇವದೂತರಾದರೂ ಬಾಯಿ ತೆಗೆದು ಕೇಳ್ತಾರೆ ಅಂತ ನಮ್ಮ ಹಜರತ್ತರು ಹೇಳ್ತಿದ್ದರು. ನೀನು ಅವರಿಗಿಂತ ಜೋರು.

…

ಶುಕ್ರವಾರ ಅದು. ಒಂಬತ್ತನೇ ಕುದಿ ಮುಗಿದಿತ್ತು. ಕಾಗೆ ಕತ್ತಿನ ಹಂಗೆ ನೀಲಿಗಪ್ಪು ಮಿಂಚು, ನನ್ನ ಜನ್ಮದಲ್ಲಿ ಅಂಥ ಬಣ್ಣ ಕೂತಿರಲಿಲ್ಲ. ಕದಿರಯ್ಯ ಮತ್ತೆ ಬಂದಿದ್ದ, ಮಧುಗಿರಿ ಬಸ್ಸು ಹಿಡೀಬೇಕು ಅಂತ ಅವಸರ. ಜುಮ್ಮಾ ನಮಾಜಿಗೆ ಅಜಾನ್ ಆಗೋ ಹೊತ್ತು. ನಾನು ಬಿರಡೆ ಕಿತ್ತೆ. ಮುಂದಿನದು ಸಲೀಸಾಗಿ ಬಂತು. ತೋಟಾ ಕೂರೋ ಕಡೆಯದು ಬರಲಿಲ್ಲ. ಇಕ್ಕಳ ಹಾಕಿದೆ, ತಿರುಚಿದೆ. 'ಟಕ್' ಅಂತು. ಬಂತು.

ಆ ಸದ್ದು ನನಗೆ ಕೇಳಿಸ್ತು ದಾಸಮ್ಮ. ಕೇಳಿಸಲಿಲ್ಲ ಅಂತ ನನಗೆ ನಾನೇ ಬಹಳ ಸಲ ಹೇಳ್ಕೊಂಡಿದೀನಿ.

ಕೋವಿ ಯಾರಿಗೆ ವಾಪಸ್ಸು ಕೊಟ್ಟರೂ ನಳಿಗೇಲಿ ಉದ್ದ ಕಬ್ಬಿಣದ ಸೀಕು ಹಾಯಿಸಿ, ಬೆಳಕಿಗೆ ಹಿಡಿದು ಈ ಕಡೆಯಿಂದ ಆ ಕಡೆ ನೋಡಿ ಕೊಡೋದು ನಮ್ಮ ಅಬ್ಬಾಜಾನ್ ಕಾಲದ ಪದ್ಧತಿ. ಸೀಕು ಕೈಗೆ ತಗೊಂಡೆ ಕೂಡ. ಅಷ್ಟರಲ್ಲಿ ಅಜಾನ್ ಆಯ್ತು. ಅಜಾನ್ ಬಿದ್ದ ಮೇಲೆ ಕೈಯಲ್ಲಿರೋ ಕೆಲಸ ಹಂಗೇ ಕೆಳಗಿಡಬೇಕು ಅನ್ನೋದು ನನ್ನ ನೇಮ, ನಲವತ್ತು ವರ್ಷದಿಂದ ಒಂದು ದಿವಸ ತಪ್ಪಿಲ್ಲ. ಅದರ ಬಗ್ಗೆ ಒಂದು ಚೂರು ಜಂಬವೂ ಇತ್ತು ಅಂತ ಈಗ ಅನ್ನಿಸ್ತಿದೆ. ಸೀಕು ಕೆಳಗಿಟ್ಟು ಹೋದೆ. ವಾಪಸ್ಸು ಬಂದಾಗ ಮನಸ್ಸು ಎಷ್ಟು ಹಗುರಾಗಿತ್ತು ಅಂದರೆ, ಎಲ್ಲ ಮುಗಿಸೇ ಹೋಗಿದ್ದೆ ಅಂತಲೇ ಅನ್ನಿಸ್ತು. ಕದಿರಯ್ಯ ಕೇಳಿದ, 'ಒಂದ್ಸಲ ನಳಿಗೆ ನೋಡ್ಬಿಡ್ಲಾ ಸಾಬರೇ' ಅಂತ. ನಾನು ನಕ್ಕೆ. ಎಣ್ಣೆ ಸವರಿದೀನಿ, ಬೆರಳು ತಾಕಿಸಬೇಡ, ಹಂಗೇ ಗೋಣಿ ಸುತ್ತಿ ತಗೊಂಡು ಹೋಗು ಅಂದೆ. 'ಸರಿ, ನಿಮ್ಮ ಕೈಯಿಂದ ಬಂದದ್ದನ್ನ ನಾನು ನೋಡೋದೇನಿದೆ' ಅಂದ. ಬಿಸ್ಮಿಲ್ಲಾ ಅಂತ ಅವನ ಹೆಗಲಿಗೆ ಏರಿಸಿದವನು ನಾನು.

ಅವನ ಮದ್ದು ಸರಿಯಾಗೇ ಇತ್ತು.

ಹೇಳಿದೆ. ಕೇಳಿಸ್ಕೊಂಡೆಯಾ? ಅವನ ಮದ್ದು ಸರಿಯಾಗೇ ಇತ್ತು. ಸುದ್ದಿ ಬಂದ ದಿವಸವೇ ನಾನು ಸಾಮಾನಿನ ಡಬ್ಬಿಯಿಂದ ಎರಡೂ ಬಿರಡೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಒಂದರ ತುದಿ ಇಲ್ಲ, ನಳಿಗೆ ಒಳಗೇ ಉಳಿದುಹೋಗಿತ್ತು. ಮುರಿದ ಜಾಗ ಹಸಿ ಹಸಿ, ಬಿಳಿ. ಅದನ್ನ ಒಲೆಗೆ ಹಾಕೋಣ ಅಂತ ಎದ್ದೆ, ಆಗಲಿಲ್ಲ. ಅಮಲ್ದಾರರ ಹತ್ರ ಹೋಗೋಣ ಅಂತ ಎದ್ದೆ, ಅದೂ ಆಗಲಿಲ್ಲ. ಅತ್ತರಿನ ಡಬ್ಬಿಗೆ ಹಾಕಿ ಆ ಗೂಡಿಗೆ ತಳ್ಳಿದೆ. ಗೂಡು ಪಶ್ಚಿಮದ ಗೋಡೆಯಲ್ಲಿದೆ ದಾಸಮ್ಮ. ನಾನು ನಮಾಜಿಗೆ ನಿಲ್ಲೋದು ಅತ್ತ ಮುಖ ಮಾಡಿ. ಹದಿನೇಳು ದಿವಸ, ದಿನಕ್ಕೆ ಐದು ಸಲ, ಆ ಮುರಿದ ಬೇವಿನ ತುಂಡಿನ ಮುಂದೆ ಹಣೆ ಊರಿದೀನಿ. ನಿನ್ನ ಗಂಡನಿಗೆ ದುವಾ ಮಾಡಿದೀನಿ, ಅವನನ್ನ ಬಿಡಿಸೋ ಮಾತು ಬಾಯಲ್ಲೇ ಇಟ್ಕೊಂಡು! ನಾಳೆ ಅವನ ಕೇಸು ಕೋರ್ಟಿಗೆ ಹಾಕ್ತಾರೆ, ಹಾಕಿದ ಮೇಲೆ ಅಲ್ಲಾಹನೇ ಏನಾದರೂ ದಾರಿ ತೋರಿಸ್ತಾನೆ, ನಾನ್ಯಾಕೆ ಅಡ್ಡ ಬರಲಿ ಅಂತ… ನನ್ನ ಹೆದರಿಕೇನ ನಾನು ನಂಬಿಕೆ ಅಂತ ಕರೆದೆ.

ನೇಣಾಗುತ್ತಾ ಅವನಿಗೆ? ಜನ ಹಂಗೇ ಅಂತಾರೆ.

…ಏನು ಮಾಡ್ತೀಯ? ಗಂಟು ಬಿಚ್ಚಬೇಡ. ಬೇಡಮ್ಮ, ನಾನೇ ಎಲ್ಲ ಹೇಳಿದೆನಲ್ಲ, ಇನ್ನು ಅದನ್ನ ಯಾಕೆ ತೋರಿಸ್ತೀಯ… ನನಗೆ ನೋಡೋಕಾಗಲ್ಲ. ಕಣ್ಣು ಮುಚ್ಕೊಂಡಿದೀನಿ. ನನ್ನ ಕೈ ಬಿಡು. ಕೈಗೆ ಏನು ಹಾಕ್ತೀಯ… ಇದು ಮರ ಅಲ್ಲ. ಪುಡಿ ಇದ್ದ ಹಂಗಿದೆ. ಜಾರ್ತಿದೆ…

ಸಕ್ಕರೆ.

ಸಕ್ಕರೆ!

ಯಾ ಪರ್ವರ್ದಿಗಾರ್. ಗುರುವಾರ. ಸೆರಗಿನ ತುದೀಲಿ ಸಕ್ಕರೆ, ನೀರು ಮುಟ್ಟಲಿಲ್ಲ, ಮಾತು ಆಡಲಿಲ್ಲ… ಮೂಕಹರಕೆ. ನೀನು ಮೂಕಹರಕೆ ಹೊತ್ತು ಬಂದವಳು!

ನನಗೆ ಗೊತ್ತಾಗಲಿಲ್ಲ. ನನಗೆ! ಮೂವತ್ತು ವರ್ಷದಿಂದ ಆ ದರ್ಗಾದಲ್ಲಿ ದೀಪ ಹಚ್ಚೋನಿಗೆ! ಗುರುವಾರ ತಮ್ಮ ಮನೆ ಹೊಸ್ತಿಲು ದಾಟಿದಾಗಿನಿಂದ ಒಂದು ಮಾತಿಲ್ಲ, ಒಂದು ಗುಟುಕು ನೀರಿಲ್ಲ, ತಂದ ಸಕ್ಕರೆ ಮೇಲೆ ದರ್ಗಾ ನೋಡ್ಕೊಳ್ಳೋ ಮುಜಾವರನು ಫಾತಿಹಾ ಓದಿ ಮೊದಲ ಚಿಟಿಕೆ ನಾಲಿಗೆ ಮೇಲೆ ಇಡೋವರೆಗೂ ಬಾಯಿ ತೆಗೆಯೋ ಹಂಗಿಲ್ಲ, ಹಂಗೆ ಬಂದವರನ್ನ ಪೀರ್ ಸಾಹೇಬರು ಖಾಲಿ ಕೈಯಲ್ಲಿ ಕಳಿಸಲ್ಲ… ಇದನ್ನೆಲ್ಲ ನಾನೇ ಕದಿರಯ್ಯನಿಗೆ ಹೇಳಿದ್ದು. ಮೊದಲನೇ ಕುದಿಯೋ ಎರಡನೆಯದೋ, ನೀರು ಕಾಯೋದನ್ನ ಕಾಯ್ತಾ ಕೂತಿದ್ದಾಗ. ಅವನು ಲಾಕಪ್ಪಿನಿಂದ ನಿನಗೆ ಹೇಳಿರಬೇಕು. 'ಷರೀಫ್ ಸಾಬರ ಕೈಯಲ್ಲಿ ಓದಿಸು, ಶುದ್ಧ ಮನುಷ್ಯ' ಅಂತ ಹೇಳಿರಬೇಕು. …ಹೌದು ಅಂತ ತಲೆ ಆಡಿಸ್ತೀಯ. ಅಯ್ಯೋ, ಹೌದು ಅನ್ನಬೇಡಮ್ಮ.

ಹಂಗಾದರೆ ನೀನು ಕೈ ತೋರಿಸಿದ್ದು ಗೂಡಿಗಲ್ಲ. ಆ ಗೋಡೆ ಆಚೆಗೆ ಗುಡ್ಡ, ಗುಡ್ಡದ ಮೇಲೆ ದರ್ಗಾ. ಬಾಗಿಲು ತೆಗೀರಿ ಅಂತ ಕರೀತಿದ್ದೆ. ನಾನು ಕಳ್ಳ, ನನಗೆ ಗೂಡೇ ಕಾಣಿಸ್ತು.

ಬಸ್ಸಿನಲ್ಲಿ ಹೆಂಗೆ ಬಂದೆ? ಕಂಡಕ್ಟರಿಗೆ ಏನಂತ ತೋರಿಸಿದೆ? ನಯಾಪೈಸೆ ಅಂಗೈಯಲ್ಲಿ ಹರಡಿ, ಶಿರಾ ಕಡೆ ಬೆರಳು ಮಾಡಿದೆಯಾ? ಜನ ಮೂಗಿ ಅಂತ ನಕ್ಕಿರಬೇಕು. ಎರಡು ಬಸ್ಸು, ಈ ಬಿಸಿಲು, ಒಣಗಿದ ಗಂಟಲು. ನಿನಗೆ ಏನೂ ಗೊತ್ತಿರಲಿಲ್ಲ. ಬಿರಡೆ ಗೊತ್ತಿರಲಿಲ್ಲ, ಗೂಡು ಗೊತ್ತಿರಲಿಲ್ಲ. ನನ್ನ ಹತ್ರ ಒಂದು ದುವಾ ಕೇಳೋಕೆ ಬಂದವಳು ನೀನು, ಅಷ್ಟೆ.

ಈಗ ಎಲ್ಲ ಗೊತ್ತಾಯ್ತು.

ಒಂದು ಮಾತು ಹೇಳ್ತೀನಿ, ಅಸಹ್ಯ ಪಟ್ಕೋಬೇಡ. ಈಗಿಂದೀಗ ನನ್ನ ಮನಸ್ಸಿನಲ್ಲಿ ಏನು ಬಂತು ಗೊತ್ತಾ? ನಾನು ಓದದೇ ಇದ್ದರೆ ಇವಳು ಮಾತಾಡೋ ಹಂಗಿಲ್ಲ ಅಂತ ಬಂತು. ದರ್ಗಾದ ಬಾಗಿಲು ತೆಗೀದೇ ಇದ್ದರೆ ಸಾಕು, ನನ್ನ ಗುಟ್ಟಿಗೆ ಬೀಗ. ಸೈತಾನ ಎಷ್ಟು ಹತ್ತಿರ ಕೂತಿರ್ತಾನೆ ನೋಡು. ನಿನ್ನ ಹರಕೆಯನ್ನೇ ನನ್ನ ಬಾಗಿಲಿಗೆ ಚಿಲಕ ಮಾಡೋಕೆ ಹೊರಟಿದ್ದ.

ನನ್ನ ಕಾಲು ಮುಟ್ಟಬೇಡ! ಏಳು. ನಾನು ನಿನ್ನ ಕಾಲು ಮುಟ್ಟಬೇಕು. ಈ ಸಕ್ಕರೆ ವಾಪಸ್ಸು ಕಟ್ಕೊ, ಒಂದು ಕಾಳೂ ಬೀಳದ ಹಂಗೆ. ನಾನು ಈಗ ಇದರ ಮೇಲೆ ಓದೋಕಾಗಲ್ಲ ತಾಯಿ. ಸುಳ್ಳಿಗೆ ದಸ್ತಖತ್ತು ಹಾಕಿದ ಕೈ ಇದು. ಬರಿಗೈಯಲ್ಲಿ ಮುಟ್ಟಿದರೆ ಇದರ ಮೇಲೂ ಗುರುತು ಬೀಳುತ್ತೆ.

ತಡಿ. ಗೂಡಿನಿಂದ ಅದನ್ನ ತಗೋತೀನಿ. …ಇದೇ ನೋಡು. ಇಷ್ಟೇ ಇಷ್ಟು. ನಂದೀಶ್ವರಯ್ಯನೋರ ಜೀವ, ನಿನ್ನ ಗಂಡನ ಜೀವ, ಎರಡಕ್ಕೂ ಸಾಕಾಯ್ತು.

ಅಫ್ಜಲುನ್ನೀಸಾ! ಹೊರಗೆ ಬಾ. ಹಾಂ, ಬಾ, ಇವಳೇ ದಾಸಮ್ಮ, ಕದಿರಯ್ಯನ ಹೆಂಡತಿ. ಮಾತಾಡಿಸಬೇಡ, ಮೂಕಹರಕೆಯವಳು. ನಾನು ಇವಳನ್ನ ಕರಕೊಂಡು ಸ್ಟೇಷನ್ನಿಗೆ ಹೋಗಿ ಬರ್ತೀನಿ. ಯಾಕೆ ಅಂತ ಬಂದು ಹೇಳ್ತೀನಿ… ಬರದೇ ಇದ್ದರೆ ಊರೇ ಹೇಳುತ್ತೆ. ಬೀಗದಕೈ ನಿನ್ನ ಹತ್ರ ಇಟ್ಕೊ. ಅಲ್ಲಿ ನನ್ನನ್ನ ಕೂರಿಸ್ಕೊಂಡರೆ ನಿಮ್ಮ ಅಣ್ಣ ಜಹೀರ್ ಅಹಮದನನ್ನ ಕರೆಸಿ ಇವಳ ಸಕ್ಕರೆ ಓದಿಸು. ಬಿಟ್ಟರೆ ನಾನೇ ಓದ್ತೀನಿ. ಆಮೇಲೆ ಮೊದಲು ನೀರು ಕೊಡು ಇವಳಿಗೆ. ಆ ಏಲಕ್ಕಿ ಚಹಾ… ಕೇಳು, ಕುಡಿದರೆ ಕೊಡು.

ಟೋಪಿ ಎಲ್ಲಿ? ಹಾಂ, ತಲೆ ಮೇಲೇ ಇದೆ.

ನಡಿ ದಾಸಮ್ಮ. ಸ್ಟೇಷನ್ನು ದೂರ ಇಲ್ಲ, ಬಸ್ ನಿಲ್ಲೋ ಜಾಗದ ಹಿಂದೇನೇ. ಅವರು ಮಧುಗಿರಿಗೆ ಫೋನು ಮಾಡ್ತಾರೆ. ಬಾಗಿಲು ಹಾಕೋದು ಬೇಡ ಬಿಡು, ದರ್ಜಿ ನೋಡಲಿ. ಅಜಾನ್ ಆಗ್ತಿದೆ… ಕೇಳಿಸ್ತಿದೆಯಾ? ಅಸರ್. ಇಲ್ಲ, ನಿಲ್ಲಬೇಡ, ನಡಿ. ಇವತ್ತು ಕೈಯಲ್ಲಿರೋ ಕೆಲಸ ಕೆಳಗಿಡಲ್ಲ ನಾನು. ಅಲ್ಲಾಹನು ಕಾಯ್ತಾನೆ, ನಿನ್ನ ಗಂಡನಿಗೆ ನಾಳೆವರೆಗೆ ಮಾತ್ರ ಹೊತ್ತಿದೆ.

ಬಾಯಿ ಬಿಗಿ ಹಿಡ್ಕೊ ತಾಯಿ, ಇನ್ನು ಸ್ವಲ್ಪ ಹೊತ್ತು. ದಾರೀಲಿ ಯಾರು ಮಾತಾಡಿಸಿದರೂ ಉತ್ತರ ಕೊಡಬೇಡ. ಅವರಿಗೆ ನಾನು ಹೇಳ್ತೀನಿ.